ವೆಬ್ ಪ್ರೋಗ್ರಾಮಿಂಗ್ ಪ್ರಶ್ನೋತ್ತರ: ಸ್ಟ್ರಿಂಗ್‌ನೊಳಗಿನ ಕನ್ನಡ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲವೂ ಪಠ್ಯಕ್ಕೆ, ಅಂದರೆ ಪ್ರೋಗ್ರಾಮಿಂಗ್ ಕಲಿಯುವವರು ಸ್ಟ್ರಿಂಗ್ ಎಂದು ಕರೆಯುವ ದತ್ತಾಂಶಕ್ಕೆ ಸಂಬಂಧಿಸಿವೆ. ಪ್ರಶ್ನೆ ಕಳುಹಿಸಿದವರಲ್ಲಿ ಬಹುಪಾಲು ಮಂದಿ ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್ ಕಲಿಯುತ್ತಿರುವುದರಿಂದ ಉತ್ತರಗಳೂ ಅದನ್ನೇ ಆಧರಿಸಿವೆ. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಮುದ್ರಿಸಿದೆ. ಪ್ರೋಗ್ರಾಮಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು.

ಪ್ರಶ್ನೆ: ಮೆಟ್ರೋ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ತೋರಿಸುವ ಪುಟವೊಂದನ್ನು ಅಭ್ಯಾಸಕ್ಕಾಗಿ ಸಿದ್ಧಪಡಿಸುತ್ತಿದ್ದೇನೆ. ಜಾಗ ಕಡಿಮೆ ಇರುವುದರಿಂದ ಹೆಸರು 12 ಅಕ್ಷರ ಮೀರಿದರೆ ಉಳಿದದ್ದನ್ನು ಕತ್ತರಿಸುವಂತೆ ಬರೆದಿದ್ದೇನೆ. 'ವಿಶ್ವೇಶ್ವರಯ್ಯ' ಎಂಬ ಹೆಸರಿನಲ್ಲಿ ಐದೇ ಅಕ್ಷರಗಳಿದ್ದರೂ ಪುಟದಲ್ಲಿ ಅದು 'ವಿಶ್ವೇಶ್ವರಯ್' ಎಂದು ಕಾಣಿಸುತ್ತಿದೆ. ನನ್ನ ಪ್ರೋಗ್ರಾಮಿನಲ್ಲಿ ತಪ್ಪೆಲ್ಲಿದೆ?
— ಪದವಿ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ನೀವು ಎಣಿಸಿದ ಐದು ಸರಿಯಾಗಿಯೇ ಇದೆ. ಆದರೆ ಸ್ಟ್ರಿಂಗ್‌ನ ಉದ್ದವನ್ನು ಹೇಳುವ 'ಲೆಂತ್' ಎಣಿಸುವುದು ನಾವು ಕಾಗುಣಿತದಲ್ಲಿ ಕಲಿತ ಅಕ್ಷರಗಳನ್ನಲ್ಲ. ಜಗತ್ತಿನ ಲಿಪಿಗಳ ಚಿಹ್ನೆಗಳಿಗೆ ಒಂದೊಂದು ಕ್ರಮಸಂಖ್ಯೆಯ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಮೂಲ ವ್ಯಂಜನಕ್ಕೆ ಒಂದು ಸಂಕೇತ, ಗುಣಿತದ ಚಿಹ್ನೆಗೆ ಇನ್ನೊಂದು, ಹಲಂತಕ್ಕೆ ಮತ್ತೊಂದು ಸಂಕೇತವಿದೆ. ಒತ್ತಕ್ಷರಕ್ಕೆಂದು ಪ್ರತ್ಯೇಕ ಸಂಕೇತಗಳಿಲ್ಲ. ವ್ಯಂಜನ, ಹಲಂತ, ಮತ್ತೆ ವ್ಯಂಜನ ಎಂಬ ಕ್ರಮದಲ್ಲಿ ಸಂಕೇತಗಳು ಸಾಲಾಗಿ ಬಂದಾಗ ಅವನ್ನು ಕೂಡಿಸಿ ಒತ್ತಕ್ಷರವಾಗಿ ಬಿಡಿಸುವುದು ಫಾಂಟಿನ ಕೆಲಸ. ಹೀಗಾಗಿ 'ವಿಶ್ವೇಶ್ವರಯ್ಯ' ಎಂಬುದು ಗಣಕದ ನೆನಪಿನಲ್ಲಿ ವ, ಇಕಾರದ ಗುಡಿಸು, ಶ, ಹಲಂತ, ವ, ಏಕಾರದ ಚಿಹ್ನೆ, ಶ, ಹಲಂತ, ವ, ರ, ಯ, ಹಲಂತ, ಯ ಎಂದು 13 ಸಂಕೇತಗಳಾಗಿ ಕುಳಿತಿರುತ್ತದೆ. ಹನ್ನೆರಡಕ್ಕೆ ಕತ್ತರಿಸಿದಾಗ ಕೊನೆಯ ಯಕಾರ ಮಾತ್ರ ಬಿದ್ದುಹೋಗುತ್ತದೆ, ಅದಕ್ಕೆ ಕಾದಿದ್ದ ಹಲಂತ ಒಂಟಿಯಾಗಿ ಉಳಿಯುತ್ತದೆ. ನಿಮ್ಮ ಪುಟದಲ್ಲಿ ಕಾಣಿಸುತ್ತಿರುವುದು ಇದೇ.

ಇನ್ನೂ ಸೂಕ್ಷ್ಮವಾಗಿ ಹೇಳುವುದಾದರೆ 'ಲೆಂತ್' ಎಣಿಸುವುದು 16 ಬಿಟ್‌ಗಳ ಘಟಕಗಳನ್ನು. ಜಾವಾಸ್ಕ್ರಿಪ್ಟ್ ಹುಟ್ಟಿದ 1995ರಲ್ಲಿ ಯೂನಿಕೋಡ್‌ನ ಪ್ರತಿಯೊಂದು ಸಂಕೇತವೂ 16 ಬಿಟ್‌ಗಳಲ್ಲಿ ಹಿಡಿಯುತ್ತಿತ್ತು. ಮರುವರ್ಷ ಬಂದ ಯೂನಿಕೋಡ್ 2.0 ಆವೃತ್ತಿ ಆ ಮಿತಿಯನ್ನು ದಾಟಿತು. ಅಂದಿನಿಂದ ಹೆಚ್ಚಿನ ಕ್ರಮಸಂಖ್ಯೆಯ ಸಂಕೇತಗಳಿಗೆ ಎರಡು ಘಟಕಗಳು ಬೇಕಾಗುತ್ತವೆ. ನಗುಮುಖದ ಇಮೋಜಿಯೊಂದರ ಉದ್ದ 2 ಎಂದು ಬರುವುದಕ್ಕೆ ಕಾರಣ ಇದು. ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗಿನ ಕ್ರಮಸಂಖ್ಯೆಗಳಲ್ಲಿ, ಅಂದರೆ 16 ಬಿಟ್‌ಗಳ ಒಳಗೇ ಇರುವುದರಿಂದ ನಮ್ಮ ಪ್ರತಿಯೊಂದು ಸಂಕೇತಕ್ಕೂ ಒಂದೇ ಘಟಕ ಸಾಕು. ಇದೇ ಹೆಸರನ್ನು ಯುಟಿಎಫ್-8 ರೂಪದಲ್ಲಿ, ಅಂದರೆ ಸಂಕೇತಗಳನ್ನು 8 ಬಿಟ್‌ಗಳ ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ, ಕಡತಕ್ಕೆ ಉಳಿಸಿದಾಗ ಪ್ರತಿ ಸಂಕೇತಕ್ಕೆ 3 ಬೈಟ್‌ಗಳಂತೆ 39 ಬೈಟ್‌ಗಳಾಗುತ್ತವೆ. ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯ 'ಎಸ್‌ಟಿಆರ್‌ಲೆನ್' ಕೊಡುವ ಉತ್ತರ 39, ಪೈಥಾನ್ ಭಾಷೆಯ 'ಲೆನ್' ಕೊಡುವ ಉತ್ತರ 13. ಒಂದೇ ಹೆಸರಿಗೆ 5, 13, 39 ಎಂಬ ಮೂರು ಅಳತೆಗಳಿದ್ದು, ನಿಮಗೆ ಬೇಕಾದದ್ದು ಯಾವುದು ಎಂಬುದನ್ನು ಕೋಡ್ ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಜಾಗ ಸಾಲದು ಎಂಬುದಷ್ಟೇ ನಿಮ್ಮ ತೊಂದರೆಯಾಗಿದ್ದರೆ ಸ್ಟ್ರಿಂಗ್ ಅನ್ನು ಕತ್ತರಿಸಲೇಬೇಡಿ. ಪೂರ್ತಿ ಹೆಸರನ್ನು ಪುಟಕ್ಕೆ ಕೊಟ್ಟು, ಮೀರಿದ ಭಾಗವನ್ನು ಮೂರು ಚುಕ್ಕಿಗಳಿಂದ ಮುಚ್ಚುವ ಕೆಲಸವನ್ನು ಪುಟದ ಅಂದವನ್ನು ನಿರ್ಧರಿಸುವ ಸಿಎಸ್‌ಎಸ್‌ನ 'ಟೆಕ್ಸ್ಟ್-ಓವರ್‌ಫ್ಲೋ' ಗುಣಕ್ಕೆ ವಹಿಸಿರಿ. ಅಕ್ಷರದ ಅಗಲ ಬ್ರೌಸರಿಗೆ ಗೊತ್ತಿರುತ್ತದೆ, ನಿಮ್ಮ ಪ್ರೋಗ್ರಾಮಿಗೆ ಗೊತ್ತಿರುವುದಿಲ್ಲ. ಅಕ್ಷರಗಳನ್ನು ನಿಜವಾಗಿಯೂ ಎಣಿಸಲೇಬೇಕಾದ ಸಂದರ್ಭದ ದಾರಿಯನ್ನು ಮುಂದಿನ ಉತ್ತರದಲ್ಲಿ ನೋಡಬಹುದು.

ಪ್ರಶ್ನೆ: ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದಗಳನ್ನು ಗುರುತಿಸುವ ಪ್ರೋಗ್ರಾಂ ಬರೆಯುವಂತೆ ನಮ್ಮ ಅಧ್ಯಾಪಕರು ಹೇಳಿದ್ದರು. ಇಂಗ್ಲಿಷ್ ಪದಗಳಿಗೆಲ್ಲ ಅದು ಸರಿಯಾದ ಉತ್ತರ ಕೊಡುತ್ತದೆ. ಕನ್ನಡದಲ್ಲಿ 'ಕನಕ' ಎಂಬುದನ್ನು ಒಪ್ಪಿಕೊಳ್ಳುತ್ತದೆ, 'ವಿಕಟಕವಿ'ಯನ್ನು ಮಾತ್ರ ಒಪ್ಪುವುದಿಲ್ಲ.
— ಡಿಪ್ಲೊಮಾ ವಿದ್ಯಾರ್ಥಿ, ರಾಜಾಜಿನಗರ

ಉತ್ತರ: 'ವಿಕಟಕವಿ'ಯಿಂದ ಪರೀಕ್ಷಿಸಬೇಕೆಂದು ನಿಮಗೆ ತೋಚಿದ್ದಕ್ಕೆ ಅಭಿನಂದನೆಗಳು, ಏಕೆಂದರೆ ಸಾಮಾನ್ಯ ಪಾಠಗಳಲ್ಲಿರುವ ಪರಿಹಾರದ ದೋಷವನ್ನು ಈ ಪದ ಕೂಡಲೇ ಹೊರಗೆ ತರುತ್ತದೆ. ಸ್ಟ್ರಿಂಗ್ ಅನ್ನು 'ಸ್ಪ್ಲಿಟ್' ಮಾಡಿ (ಬಿಡಿಸಿ), 'ರಿವರ್ಸ್' ಮಾಡಿ (ತಿರುಗಿಸಿ), 'ಜಾಯಿನ್' ಮಾಡುವ (ಜೋಡಿಸುವ) ಆ ವಿಧಾನ ತಿರುಗಿಸುವುದು ಘಟಕಗಳನ್ನು. 'ಕನಕ'ದಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಆದ್ದರಿಂದ ಅಕ್ಷರವೂ ಘಟಕವೂ ಒಂದೇ ಆಗಿವೆ. 'ವಿಕಟಕವಿ'ಯ ಮೊದಲ ಘಟಕ ವಕಾರ, ಕೊನೆಯ ಘಟಕ ಗುಡಿಸು. ತಿರುಗಿಸಿದಾಗ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು, ಹಿಡಿಯಲು ವ್ಯಂಜನವಿಲ್ಲದೆ ನಿಲ್ಲುತ್ತದೆ. ಎರಡು ಸ್ಟ್ರಿಂಗ್‌ಗಳೂ ಸಮವಾಗುವುದಿಲ್ಲ. 'ಕಿಟಕಿ', 'ನವಜೀವನ', 'ಸಮಾಸ' ಈ ಪದಗಳಿಗೂ ಇದೇ ಗತಿ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಕನ್ನಡಕ್ಕೂ ಪ್ರೋಗ್ರಾಂ ಹೊಂದುತ್ತದೆಯೇ ಎಂದು ನೋಡಲು ಹಲವರು 'ಕನ್ನಡ' ಎಂಬ ಪದವನ್ನೇ ತಿರುಗಿಸಿ ನೋಡುತ್ತಾರೆ. ಅದರ ಘಟಕಗಳು ಕ, ನ, ಹಲಂತ, ನ, ಡ. ಹಲಂತದ ಎರಡೂ ಪಕ್ಕದಲ್ಲಿ ನಕಾರವೇ ಇರುವುದರಿಂದ ತಿರುಗಿಸಿದಾಗ 'ಡನ್ನಕ' ಎಂದು ಸರಿಯಾಗಿಯೇ ಬರುತ್ತದೆ, ಪರೀಕ್ಷೆ ಗೆದ್ದಂತೆ ತೋರುತ್ತದೆ. 'ಕರ್ನಾಟಕ'ವನ್ನು ಕೊಟ್ಟು ನೋಡಿ. ಅಕ್ಷರಗಳ ಲೆಕ್ಕದಲ್ಲಿ 'ಕಟರ್ನಾಕ' ಆಗಬೇಕಾದದ್ದು 'ಕಟಾನ್ರಕ' ಆಗುತ್ತದೆ: ದೀರ್ಘವು ಟಕಾರಕ್ಕೆ ಅಂಟಿಕೊಳ್ಳುತ್ತದೆ, ಅರ್ಕಾವತ್ತಾಗಿದ್ದ ರಕಾರ ನಕಾರದ ಒತ್ತಾಗುತ್ತದೆ. ಬರಹದಲ್ಲಿ ಅರ್ಕಾವತ್ತು ನಕಾರದ ನಂತರ ಕಂಡರೂ ಸಂಗ್ರಹದಲ್ಲಿ ರಕಾರವೇ ಮೊದಲು ಬರುತ್ತದೆ ಎಂಬುದನ್ನೂ ಈ ಉದಾಹರಣೆಯಿಂದ ತಿಳಿಯಬಹುದು. ಗುಣಿತ, ಸಜಾತೀಯವಲ್ಲದ ಒತ್ತು, ಅರ್ಕಾವತ್ತು, ಅನುಸ್ವಾರ ಈ ನಾಲ್ಕೂ ಬರುವ ಪದಗಳನ್ನು ಪರೀಕ್ಷೆಗೆ ಇಟ್ಟುಕೊಳ್ಳಿ.

ಪರಿಹಾರಕ್ಕೆ ಬಂದರೆ, ಬ್ರೌಸರುಗಳಲ್ಲಿ ಪಠ್ಯವನ್ನು ತುಣುಕುಗಳಾಗಿ ಬಿಡಿಸುವ 'ಇಂಟ್ಲ್ ಸೆಗ್ಮೆಂಟರ್' ಎಂಬ ಸೌಲಭ್ಯವಿದೆ. ಕ್ರೋಮ್‌ನಲ್ಲಿ 2020ರಿಂದ, ಫೈರ್‌ಫಾಕ್ಸ್‌ನಲ್ಲಿ 2024ರಿಂದ ಲಭ್ಯ. ಅದು ಗುಣಿತವನ್ನೂ ಅನುಸ್ವಾರವನ್ನೂ ವ್ಯಂಜನದಿಂದ ಬೇರ್ಪಡಿಸುವುದಿಲ್ಲ. ಆದರೆ ಕನ್ನಡದ ಒತ್ತಕ್ಷರವನ್ನು ಹಲಂತದ ಬಳಿ ಒಡೆದುಬಿಡುವುದುಂಟು. ಹಾಗಾದಾಗ 'ವಿಶ್ವೇಶ್ವರಯ್ಯ'ದಲ್ಲಿ ಐದರ ಬದಲು ಎಂಟು ತುಣುಕುಗಳು ಸಿಗುತ್ತವೆ. ಆದ್ದರಿಂದ ತುಣುಕುಗಳು ದೊರೆತ ಮೇಲೆ ನೀವೇ ಇನ್ನೊಂದು ಸುತ್ತು ಹಾಕಬೇಕು: ಹಿಂದಿನ ತುಣುಕು ಹಲಂತದಲ್ಲಿ, ಅಂದರೆ 3277ನೆಯ ಸಂಕೇತದಲ್ಲಿ ಮುಗಿದಿದ್ದು ಮುಂದಿನದು ಕನ್ನಡ ವ್ಯಂಜನದಿಂದ ಆರಂಭವಾಗಿದ್ದರೆ ಎರಡನ್ನೂ ಜೋಡಿಸಿ ಒಂದೇ ಅಕ್ಷರವೆಂದು ಎಣಿಸಿರಿ. 'ಬಸ್' ಎಂಬಂತೆ ಪದವೇ ಹಲಂತದಲ್ಲಿ ಮುಗಿದಾಗ ಮುಂದೆ ವ್ಯಂಜನವಿಲ್ಲದಿರುವುದರಿಂದ ಈ ನಿಯಮದಿಂದ ತೊಂದರೆಯಾಗುವುದಿಲ್ಲ. ಹೀಗೆ ಪಡೆದ ಅಕ್ಷರಗಳ ಪಟ್ಟಿಯನ್ನು ತಿರುಗಿಸಿ ಹೋಲಿಸಿದರೆ 'ವಿಕಟಕವಿ' ಉತ್ತೀರ್ಣವಾಗುತ್ತದೆ. ಛಂದಸ್ಸಿನ ಪ್ರಸ್ತಾರ ಹಾಕುವ, ಪದಬಂಧ ಕಟ್ಟುವ ಪ್ರೋಗ್ರಾಂಗಳಿಗೂ ಇದೇ ಪಟ್ಟಿಯೇ ಬುನಾದಿ.

ಪ್ರಶ್ನೆ: ಗೆಳೆಯರು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಪ್ರೋಗ್ರಾಮನ್ನು ಒಂದಕ್ಷರವೂ ಬದಲಿಸದೆ ಅಂಟಿಸಿದೆ. ಅವರಲ್ಲಿ ನಡೆಯುವ ಪ್ರೋಗ್ರಾಂ ನನ್ನಲ್ಲಿ ಮೊದಲ ಸಾಲಿನಲ್ಲೇ ದೋಷ ತೋರಿಸುತ್ತದೆ.
— ಓದುಗರು, ಯಲಹಂಕ

ಉತ್ತರ: ಉದ್ಧರಣ ಚಿಹ್ನೆಗಳನ್ನು ಪರಿಶೀಲಿಸಿರಿ. ಸ್ಟ್ರಿಂಗ್‌ನ ಗಡಿಯಾಗಿ ಜಾವಾಸ್ಕ್ರಿಪ್ಟ್ ಒಪ್ಪುವುದು ನೇರವಾದ ಒಂಟಿ ಚಿಹ್ನೆ, ನೇರವಾದ ಜೋಡಿ ಚಿಹ್ನೆ ಮತ್ತು 2015ರ ಆವೃತ್ತಿಯಲ್ಲಿ ಸೇರಿದ, ಎಡಕ್ಕೆ ವಾಲಿದ ಒಂಟಿ ಗೀಟಿನಂತಿರುವ ಬ್ಯಾಕ್‌ಟಿಕ್ ಇವು ಮೂರನ್ನೇ. ಬರವಣಿಗೆಯ ತಂತ್ರಾಂಶಗಳೂ ಕೆಲವು ಮೊಬೈಲ್ ಕೀಲಿಮಣೆಗಳೂ ನೇರ ಚಿಹ್ನೆಗಳನ್ನು ತಾವಾಗಿಯೇ ಬಾಗಿದ ಚಿಹ್ನೆಗಳಾಗಿ ಬದಲಿಸುತ್ತವೆ. ಬಾಗಿದವು ಬೇರೆಯೇ ಸಂಕೇತಗಳು, ಪ್ರೋಗ್ರಾಮಿಗೆ ಅರ್ಥವಾಗುವುದಿಲ್ಲ. ಗಡಿಯ ಚಿಹ್ನೆಗಳನ್ನು ಅಳಿಸಿ ಮತ್ತೆ ಟೈಪು ಮಾಡಿದರೆ ಸಾಕು. ಸ್ಟ್ರಿಂಗ್‌ನ ಒಳಗಿನ ವಾಕ್ಯದಲ್ಲಿ ಬಾಗಿದ ಚಿಹ್ನೆಗಳಿದ್ದರೆ ಅಡ್ಡಿಯಿಲ್ಲ. ಮುಂದೆ ಕೋಡ್ ಹಂಚಿಕೊಳ್ಳುವಾಗ ಸಂದೇಶವಾಗಿ ಕಳುಹಿಸದೆ ಕಡತವಾಗಿಯೇ ಕಳುಹಿಸಲು ಗೆಳೆಯರಿಗೆ ತಿಳಿಸಿರಿ.

ಪ್ರಶ್ನೆ: ನಮ್ಮ ಬಟ್ಟೆ ಅಂಗಡಿಗೆ ಬಿಲ್ಲು ಹಾಕುವ ಪುಟವನ್ನು ನಾನೇ ಮಾಡಿದ್ದೇನೆ. ದರವನ್ನು ಸಂಖ್ಯೆಯಿಂದ ಗುಣಿಸಿದರೆ ಸರಿಯಾದ ಮೊತ್ತ ಬರುತ್ತದೆ. ಹೊಲಿಗೆಯ ಕೂಲಿಯನ್ನು ಕೂಡಿಸಿದಾಗ ಮಾತ್ರ 250ಕ್ಕೆ 50 ಸೇರಿ 25050 ಆಗುತ್ತಿದೆ.
— ವ್ಯಾಪಾರಿ, ಚಿಕ್ಕಪೇಟೆ

ಉತ್ತರ: ವೆಬ್ ಪುಟದ ಪೆಟ್ಟಿಗೆಯಲ್ಲಿ ಬಳಕೆದಾರರು ಏನನ್ನೇ ತುಂಬಿದರೂ ಅದರ 'ವ್ಯಾಲ್ಯೂ' ನಿಮ್ಮ ಕೈಗೆ ಬರುವುದು ಸ್ಟ್ರಿಂಗ್ ಆಗಿಯೇ. ಪೆಟ್ಟಿಗೆಯ ಬಗೆಯನ್ನು 'ನಂಬರ್' ಎಂದು ಸೂಚಿಸಿದ್ದರೂ ಇದು ಬದಲಾಗುವುದಿಲ್ಲ. ಗುಣಾಕಾರ, ವ್ಯವಕಲನ, ಭಾಗಾಕಾರಗಳಿಗೆ ಪಠ್ಯದಲ್ಲಿ ಅರ್ಥವಿಲ್ಲದ್ದರಿಂದ ಜಾವಾಸ್ಕ್ರಿಪ್ಟ್ ಎರಡೂ ಬದಿಯನ್ನು ಸಂಖ್ಯೆಯಾಗಿ ಮಾಡಿಕೊಂಡು ಲೆಕ್ಕ ಮಾಡುತ್ತದೆ. ಕೂಡುವ ಚಿಹ್ನೆಗೆ ಮಾತ್ರ ಎರಡು ಕೆಲಸಗಳಿವೆ: ಸಂಖ್ಯೆಗಳನ್ನು ಕೂಡುವುದು, ಸ್ಟ್ರಿಂಗ್‌ಗಳನ್ನು ಜೋಡಿಸುವುದು. ಎರಡರಲ್ಲಿ ಒಂದು ಸ್ಟ್ರಿಂಗ್ ಆಗಿದ್ದರೂ ಅದು ಜೋಡಿಸುವ ಕೆಲಸವನ್ನೇ ಮಾಡುತ್ತದೆ. ಗುಣಾಕಾರ ಸರಿಬಂದದ್ದರಿಂದ ದತ್ತಾಂಶವೂ ಸರಿಯಿದೆ ಎಂಬ ನಂಬಿಕೆ ಹುಟ್ಟಿ ದೋಷ ಮರೆಯಲ್ಲಿ ಉಳಿದುಬಿಡುತ್ತದೆ. ಪೆಟ್ಟಿಗೆಯಿಂದ ಓದಿದ ಸಾಲಿನಲ್ಲೇ 'ನಂಬರ್' ಎಂಬ ಫಂಕ್ಷನ್ ಬಳಸಿ ಪರಿವರ್ತಿಸಿಕೊಳ್ಳಿ, ಮುಂದಕ್ಕೆ ತಳ್ಳಬೇಡಿ.

ನಿಮ್ಮದು ಹಣದ ವ್ಯವಹಾರವಾದ್ದರಿಂದ ಪರಿವರ್ತನೆಯ ಕೆಲವು ಅಪಾಯಗಳನ್ನು ವಿವರವಾಗಿಯೇ ಹೇಳಬೇಕು. ಪೆಟ್ಟಿಗೆ ಖಾಲಿಯಿದ್ದರೆ 'ನಂಬರ್' ದೋಷ ತೋರಿಸುವುದಿಲ್ಲ, 0 ಎಂದು ಕೊಡುತ್ತದೆ; ದರ ತುಂಬಲು ಮರೆತರೆ ಬಿಲ್ಲು ಸೊನ್ನೆಗೇ ಹೋಗುತ್ತದೆ. ಖಾಲಿಯೇ ಎಂಬುದನ್ನು 'ಟ್ರಿಮ್' ಮಾಡಿ (ಅಂಚಿನ ಖಾಲಿ ಜಾಗ ತೆಗೆದು) ಮೊದಲೇ ನೋಡಬೇಕು. ಯಾರಾದರೂ '1,250' ಎಂದು ಅಲ್ಪವಿರಾಮ ಹಾಕಿ ಬರೆದರೆ 'ನಂಬರ್' ಅದನ್ನು ಸಂಖ್ಯೆಯಲ್ಲವೆಂದು ತಿರಸ್ಕರಿಸುತ್ತದೆ, ಅದು ಒಳ್ಳೆಯದೇ. 'ಪಾರ್ಸ್‌ಇಂಟ್' ಬಳಸಿದ್ದರೆ ಅದು ಅಲ್ಪವಿರಾಮದ ಬಳಿ ಓದುವುದನ್ನು ನಿಲ್ಲಿಸಿ 1 ಎಂಬ ಉತ್ತರವನ್ನು ಸದ್ದಿಲ್ಲದೆ ಕೊಡುತ್ತದೆ. ಸಾವಿರದ ಇನ್ನೂರೈವತ್ತು ರೂಪಾಯಿಯ ಸೀರೆ ಒಂದು ರೂಪಾಯಿಗೆ ಹೋಗುವುದು ಹೀಗೆ. ಆದ್ದರಿಂದ ಬಿಲ್ಲಿನ ಲೆಕ್ಕದಲ್ಲಿ 'ಪಾರ್ಸ್‌ಇಂಟ್' ಬೇಡ ಎಂಬುದು ನನ್ನ ದೃಢವಾದ ಸಲಹೆ.

ಹೋಲಿಕೆಯಲ್ಲಿಯೂ ಇದೇ ಎಚ್ಚರ ಬೇಕು. ಸ್ಟ್ರಿಂಗ್‌ಗಳಾಗಿ ಹೋಲಿಸಿದರೆ '900' ಎಂಬುದು '1250'ಕ್ಕಿಂತ ದೊಡ್ಡದು, ಏಕೆಂದರೆ ಮೊದಲ ಅಂಕಿಗಳಾದ 9 ಮತ್ತು 1ರಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ನಿಮ್ಮ ಗುಮಾಸ್ತರು ಕನ್ನಡ ಅಂಕಿಗಳಲ್ಲಿ '೨೫೦' ಎಂದು ತುಂಬುವವರಾದರೆ 'ನಂಬರ್' ಅದನ್ನೂ ಒಪ್ಪುವುದಿಲ್ಲ. ಕನ್ನಡದ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು 3302ರಿಂದ 3311ರವರೆಗೆ ಕ್ರಮವಾಗಿರುವುದರಿಂದ, ಪ್ರತಿ ಅಂಕಿಯ ಕ್ರಮಸಂಖ್ಯೆಯಿಂದ 3302 ಕಳೆದರೆ ಅದರ ಬೆಲೆ ಸಿಗುತ್ತದೆ. 'ರಿಪ್ಲೇಸ್' ಆಜ್ಞೆಯೊಳಗೆ ಈ ವ್ಯವಕಲನವನ್ನಿಟ್ಟು ಮೊದಲು ಬದಲಿಸಿಕೊಂಡರೆ ಅವರ ರೂಢಿಯನ್ನು ತಪ್ಪಿಸಬೇಕಾಗಿಲ್ಲ. ಕೊನೆಯಲ್ಲಿ ಮೊತ್ತವನ್ನು 1,25,000 ಎಂದು ನಮ್ಮ ಲಕ್ಷದ ಪದ್ಧತಿಯಲ್ಲಿ ತೋರಿಸಲು 'ಟುಲೊಕೇಲ್‌ಸ್ಟ್ರಿಂಗ್' ಆಜ್ಞೆಗೆ 'ಇಎನ್-ಐಎನ್' ಎಂಬ ಸೂಚನೆ ಕೊಡಬಹುದು. ಹಾಗೆ ಅಲಂಕರಿಸಿದ ಮೊತ್ತ ಮತ್ತೆ ಸ್ಟ್ರಿಂಗ್ ಆಗಿರುತ್ತದೆ, ಅದನ್ನು ಇನ್ನೊಂದು ಲೆಕ್ಕಕ್ಕೆ ಬಳಸಬಾರದು.

ಪ್ರಶ್ನೆ: ಸಂಘದ ಸದಸ್ಯರ ವಿಳಾಸಗಳಲ್ಲಿ ಬಡಾವಣೆಯ ಹೆಸರಿನಿಂದ ಹುಡುಕುವ ಸೌಲಭ್ಯ ಮಾಡಿದ್ದೇನೆ. 'ಕೋರಮಂಗಲ' ಎಂದು ಹುಡುಕಿದರೆ ಕೆಲವರ ಹೆಸರು ಬರುತ್ತದೆ, ಕೆಲವರದು ಬರುವುದಿಲ್ಲ. ಪರದೆಯಲ್ಲಿ ಎಲ್ಲ ವಿಳಾಸಗಳೂ ಒಂದೇ ರೀತಿ ಕಾಣುತ್ತವೆ. 'ರಾಜ್‌ಕುಮಾರ್ ರಸ್ತೆ'ಯ ವಿಳಾಸಗಳಿಗೂ ಹೀಗೆಯೇ ಆಗುತ್ತಿದೆ.
— ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಉತ್ತರ: ತಾವು ಕೊಟ್ಟ ಎರಡು ಉದಾಹರಣೆಗಳು ಎರಡು ಬೇರೆ ಕಾರಣಗಳನ್ನು ತೋರಿಸುತ್ತವೆ, ಹಾಗಾಗಿ ಒಂದೊಂದಾಗಿ ನೋಡೋಣ.

'ಕೋ' ಎಂಬ ಅಕ್ಷರದ ಓಕಾರಕ್ಕೆ ಯೂನಿಕೋಡ್‌ನಲ್ಲಿ 3275 ಎಂಬ ಒಂದೇ ಸಂಕೇತವಿದೆ. ಅದೇ ಓಕಾರವನ್ನು ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಘೋಷಿಸಿದೆ, ಫಾಂಟು ಎರಡನ್ನೂ ಒಂದೇ ರೂಪದಲ್ಲಿ ಬಿಡಿಸುತ್ತದೆ. ಈ ಬಗೆಯ ಎರಡು ರೂಪಗಳು ಈಕಾರ, ಏಕಾರ, ಐಕಾರ, ಒಕಾರ, ಓಕಾರ ಈ ಐದು ಚಿಹ್ನೆಗಳಿಗೂ ಇವೆ. ಮೊದಲ ರೂಪದ 'ಕೋರಮಂಗಲ'ದ ಉದ್ದ 7, ತುಂಡಾದ ರೂಪದ ಉದ್ದ 9. ಸಮಾನತೆಯ ಚಿಹ್ನೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವುದರಿಂದ ಅವು ಅದಕ್ಕೆ ಬೇರೆ ಬೇರೆ ಪದಗಳೇ. ಇದಕ್ಕೆ ಸಿದ್ಧ ಪರಿಹಾರವಿದೆ: 'ನಾರ್ಮಲೈಸ್' ಎಂಬ ಆಜ್ಞೆಗೆ 'ಎನ್ಎಫ್‌ಸಿ' ಎಂಬ ಸೂಚನೆ ಕೊಟ್ಟರೆ ತುಂಡುಗಳು ಕೂಡಿಕೊಂಡು ಒಂದೇ ರೂಪಕ್ಕೆ ಬರುತ್ತವೆ. ವಿಳಾಸವನ್ನು ಉಳಿಸುವಾಗಲೂ, ಹುಡುಕುವ ಪದವನ್ನು ಓದುವಾಗಲೂ, ಎರಡೂ ಕಡೆ ಇದನ್ನು ಮಾಡಬೇಕು.

'ರಾಜ್‌ಕುಮಾರ್' ಎಂಬಲ್ಲಿ ಜಕಾರದ ಹಲಂತಕ್ಕೂ ಕಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಕುಳಿತಿದೆ. ಅದರ ಕ್ರಮಸಂಖ್ಯೆ 8204, ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಹೆಸರು 'ರಾಜ್ಕುಮಾರ್' ಎಂದು ಒತ್ತಿನೊಂದಿಗೆ ಮೂಡುತ್ತದೆ. ಟೈಪು ಮಾಡಿದವರಲ್ಲಿ ಕೆಲವರು ಅದನ್ನು ಹಾಕಿರುತ್ತಾರೆ, ಕೆಲವರು ಹಾಕಿರುವುದಿಲ್ಲ. ಕೆಲವರು ಹೆಸರನ್ನು ಬಿಡಿಸಿ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ. 'ರ‍್ಯಾಂಕ್' ಎಂಬಂತಹ ಪದಗಳಲ್ಲಿ ಅರ್ಕಾವತ್ತಾಗದಂತೆ ತಡೆಯಲು ಬಳಸುವ 8205 ಎಂಬ ಇನ್ನೊಂದು ಅದೃಶ್ಯ ಸಂಕೇತವೂ ಇದೆ. 'ನಾರ್ಮಲೈಸ್' ಇವೆರಡನ್ನೂ ಮುಟ್ಟುವುದಿಲ್ಲ, 'ಟ್ರಿಮ್' ಸಹ ತೆಗೆಯುವುದಿಲ್ಲ. ಹಾಗೆಂದು ಇವನ್ನು ವಿಳಾಸಗಳಿಂದ ಅಳಿಸಿಹಾಕಿದರೆ ಜನರ ಹೆಸರುಗಳೇ ಕೆಡುತ್ತವೆ, ಅದು ಸಲ್ಲದು. ತಾವು ಮಾಡಬೇಕಾದದ್ದು ಇಷ್ಟು: ಮೂಲ ವಿಳಾಸವನ್ನು ಇದ್ದಂತೆಯೇ ಉಳಿಸಿ, ಅದರ ಪಕ್ಕದಲ್ಲಿ ಹುಡುಕಾಟಕ್ಕೆಂದೇ ಇನ್ನೊಂದು ಸ್ಟ್ರಿಂಗ್ ಕಟ್ಟಿಕೊಳ್ಳಿ. ಅದರಲ್ಲಿ ಎನ್ಎಫ್‌ಸಿ ರೂಪ ಮಾಡಿ, 8204 ಮತ್ತು 8205ನೆಯ ಸಂಕೇತಗಳನ್ನು ತೆಗೆದು, ಖಾಲಿ ಜಾಗಗಳನ್ನೂ ತೆಗೆದುಹಾಕಿ. ಹುಡುಕುವವರು ಟೈಪು ಮಾಡಿದ ಪದಕ್ಕೂ ಇದೇ ಸಂಸ್ಕಾರ ನಡೆಯಲಿ. ಹೋಲಿಕೆ ಈ ಸ್ಟ್ರಿಂಗ್‌ಗಳ ನಡುವೆ ನಡೆಯುತ್ತದೆ, ತೋರಿಸುವುದು ಮಾತ್ರ ಮೂಲ ವಿಳಾಸವನ್ನೇ. 'ರಿಪ್ಲೇಸ್' ಆಜ್ಞೆಗೆ ಬರಿಯ ಸ್ಟ್ರಿಂಗ್ ಕೊಟ್ಟರೆ ಅದು ಮೊದಲು ಸಿಕ್ಕಿದ್ದನ್ನಷ್ಟೇ ಬದಲಿಸುತ್ತದೆ. ಎಲ್ಲವನ್ನೂ ಬದಲಿಸಲು 2021ರ ಆವೃತ್ತಿಯಲ್ಲಿ ಬಂದ 'ರಿಪ್ಲೇಸ್‌ಆಲ್' ಬಳಸಬೇಕು. ಈ ಆಜ್ಞೆಗಳು ಮೂಲ ಸ್ಟ್ರಿಂಗ್ ಅನ್ನು ತಿದ್ದುವುದಿಲ್ಲ, ಹೊಸದೊಂದನ್ನು ಕೊಡುತ್ತವೆ ಎಂಬುದನ್ನೂ ಗಮನಿಸಿರಿ. ಫಲಿತಾಂಶವನ್ನು ಹೆಸರಿಟ್ಟು ಹಿಡಿದುಕೊಳ್ಳದಿದ್ದರೆ ಮಾಡಿದ ಕೆಲಸವೆಲ್ಲ ಅಲ್ಲಿಗೇ ಮುಗಿಯುತ್ತದೆ.

ಒಬ್ಬರು 'ಮಲ್ಲೇಶ್ವರ' ಎಂದೂ ಇನ್ನೊಬ್ಬರು 'ಮಲ್ಲೇಶ್ವರಂ' ಎಂದೂ ಬರೆದಿದ್ದರೆ ಅದು ಸಂಕೇತಗಳ ಭೇದವಲ್ಲ, ಬರಹದ ಭೇದ. ಯಾವ ಆಜ್ಞೆಯೂ ಅದನ್ನು ಪರಿಹರಿಸದು. ಬಡಾವಣೆಗಳ ಪಟ್ಟಿಯಿಂದ ಆರಿಸಿಕೊಳ್ಳುವಂತೆ ಮಾಡುವುದೇ ಅಲ್ಲಿ ಸರಿಯಾದ ಕ್ರಮ.

ಪ್ರಶ್ನೆ: ನೋಂದಣಿ ನಮೂನೆಯಲ್ಲಿ 'ಕನಕ' ಎಂಬ ಹೆಸರು ಸ್ವೀಕೃತವಾಗುತ್ತದೆ, 'ಗೀತಾ' ಎಂಬುದಕ್ಕೆ 'ಹೆಸರು ಸರಿಯಿಲ್ಲ' ಎಂಬ ಸೂಚನೆ ಬರುತ್ತದೆ. ಯೂನಿಕೋಡ್ ಅಕ್ಷರಗಳನ್ನೆಲ್ಲ ಒಪ್ಪುವ ವಿನ್ಯಾಸವನ್ನೇ ಬಳಸಿದ್ದೇನೆ.
— ತರಬೇತಿಯಲ್ಲಿರುವವರು, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ಪಠ್ಯದ ವಿನ್ಯಾಸವನ್ನು ಪರೀಕ್ಷಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ನೀವು 'ಲೆಟರ್' ಎಂಬ ಯೂನಿಕೋಡ್ ವರ್ಗವನ್ನಷ್ಟೇ ಅನುಮತಿಸಿದ್ದೀರಿ. ವ್ಯಂಜನಗಳೂ ಸ್ವರಾಕ್ಷರಗಳೂ ಆ ವರ್ಗಕ್ಕೆ ಸೇರುತ್ತವೆ. ಗುಣಿತದ ಚಿಹ್ನೆಗಳು, ಅನುಸ್ವಾರ, ಹಲಂತ ಇವು 'ಮಾರ್ಕ್' ಎಂಬ ಬೇರೆ ವರ್ಗಕ್ಕೆ ಸೇರಿವೆ. ಅದನ್ನೂ ಸೇರಿಸಿದರೆ 'ಗೀತಾ' ಒಳಗೆ ಬರುತ್ತಾಳೆ. ಇನಿಷಿಯಲ್‌ಗಳಿಗಾಗಿ ಚುಕ್ಕಿ, ಹೆಸರಿನ ನಡುವಿನ ಖಾಲಿ ಜಾಗ, ಹಿಂದಿನ ಉತ್ತರದಲ್ಲಿ ಹೇಳಿದ ಅದೃಶ್ಯ ಸಂಕೇತಗಳು ಇವಕ್ಕೂ ಅನುಮತಿ ಬೇಕು. ಹಳೆಯ ಪಾಠಗಳಲ್ಲಿ ಬರುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳನ್ನು ಬಿಟ್ಟು ಬೇರೇನನ್ನೂ ಒಪ್ಪದು ಎಂಬುದು ತಿಳಿದಿರಲಿ. ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಖಾಲಿಯಲ್ಲ, ಅತಿ ಉದ್ದವಲ್ಲ ಎಂಬುದನ್ನು ನೋಡಿ ಒಪ್ಪಿಕೊಳ್ಳಿ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದವರಿಗೆ ಅದು ತಪ್ಪೆಂದು ಹೇಳುವ ಅಧಿಕಾರ ನಮೂನೆಗಿರಬಾರದು.

ಪ್ರಶ್ನೆ: ಅಪಾರ್ಟ್‌ಮೆಂಟ್ ನಿವಾಸಿಗಳು ದೂರು ಬರೆಯುವ ಪುಟ ಮಾಡಿದ್ದೇನೆ. ಒಬ್ಬರು ತಮ್ಮ ಬ್ಲಾಕಿನ ಹೆಸರನ್ನು ಕೋನಾಕಾರದ ಆವರಣದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು, ಅದು ಪುಟದಲ್ಲಿ ಮಾಯವಾಯಿತು. ಇನ್ನೊಬ್ಬರು ಅದೇ ಆವರಣದಲ್ಲಿ ಕನ್ನಡದಲ್ಲಿ 'ತುರ್ತು' ಎಂದು ಬರೆದದ್ದು ಹಾಗೆಯೇ ಉಳಿಯಿತು.
— ಗೃಹಿಣಿ, ವೈಟ್‌ಫೀಲ್ಡ್

ಉತ್ತರ: ನೀವು ದೂರಿನ ಪಠ್ಯವನ್ನು 'ಇನ್ನರ್‌ಎಚ್‌ಟಿಎಂಎಲ್' ಮೂಲಕ ಪುಟಕ್ಕೆ ಸೇರಿಸುತ್ತಿದ್ದೀರಿ. ಆ ಮಾರ್ಗದಲ್ಲಿ ಬಂದ ಸ್ಟ್ರಿಂಗ್ ಅನ್ನು ಬ್ರೌಸರು ಬರಿಯ ಪಠ್ಯವೆಂದು ತಿಳಿಯದೆ ಪುಟದ ರಚನೆಯನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಎಂದೇ ಓದುತ್ತದೆ. ಎಡ ಕೋನಾವರಣದ ಬೆನ್ನಿಗೇ ಇಂಗ್ಲಿಷ್ ಅಕ್ಷರ ಬಂದರೆ ಅದು ರಚನೆಯ ಸೂಚನೆಯಾದ ಟ್ಯಾಗ್‌ನ ಆರಂಭ. ಅರಿಯದ ಟ್ಯಾಗ್ ಆದರೂ ಅದನ್ನು ಪರದೆಯಲ್ಲಿ ತೋರಿಸುವುದಿಲ್ಲ. ಕನ್ನಡ ಅಕ್ಷರದಿಂದ ಟ್ಯಾಗ್ ಆರಂಭವಾಗುವಂತಿಲ್ಲವಾದ್ದರಿಂದ 'ತುರ್ತು' ಪಠ್ಯವಾಗಿಯೇ ಉಳಿಯಿತು.

ಬ್ಲಾಕಿನ ಹೆಸರು ಮಾಯವಾದದ್ದು ಸಣ್ಣ ನಷ್ಟ, ಅದರ ಹಿಂದಿರುವ ಅಪಾಯ ದೊಡ್ಡದು. ದುರುದ್ದೇಶದವರೊಬ್ಬರು ದೂರಿನ ಪೆಟ್ಟಿಗೆಯಲ್ಲಿ ಚಿತ್ರದ ಟ್ಯಾಗ್ ಬರೆದು, ಚಿತ್ರ ಸಿಗದಿದ್ದಾಗ ನಡೆಯಬೇಕಾದ ಕೋಡನ್ನು ಅದರಲ್ಲಿ ಸೇರಿಸಿದರೆ, ಪುಟವನ್ನು ತೆರೆದ ಪ್ರತಿಯೊಬ್ಬ ನಿವಾಸಿಯ ಬ್ರೌಸರಿನಲ್ಲೂ ಆ ಕೋಡ್ ನಡೆಯುತ್ತದೆ. ಅವರು ಲಾಗಿನ್ ಆಗಿದ್ದರೆ ಅವರ ಹೆಸರಿನಲ್ಲಿಯೇ ಕೆಲಸ ಮಾಡಬಲ್ಲದು. 'ಸ್ಕ್ರಿಪ್ಟ್' ಎಂಬ ಪದವನ್ನು ಹುಡುಕಿ ತೆಗೆದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಈ ದಾಳಿಯಲ್ಲಿ ಆ ಪದವೇ ಬರುವುದಿಲ್ಲ, ಆದ್ದರಿಂದ ಅದು ಸಾಲದು. 'ಇನ್ನರ್‌ಎಚ್‌ಟಿಎಂಎಲ್' ಇದ್ದ ಕಡೆ 'ಟೆಕ್ಸ್ಟ್‌ಕಂಟೆಂಟ್' ಎಂದು ಬದಲಿಸಿರಿ. ಆಗ ಯಾರು ಏನನ್ನೇ ಬರೆದರೂ ಅದು ಅಕ್ಷರಗಳಾಗಿಯೇ ಪುಟದಲ್ಲಿ ಮೂಡುತ್ತದೆ. ಬೇರೆಯವರು ಟೈಪು ಮಾಡಿದ ಸ್ಟ್ರಿಂಗ್‌ಗಳಿಗೆಲ್ಲ ಈ ಕ್ರಮವನ್ನೇ ಪಾಲಿಸಿರಿ, ನೆರೆಹೊರೆಯವರೇ ಬರೆಯುವ ಪುಟವೆಂಬ ವಿನಾಯಿತಿ ಬೇಡ. ಈ ವಾರವೇ ಇದನ್ನು ಮಾಡಿಬಿಡಿ.

ಪ್ರಶ್ನೆ: ಹಳೆಯ ಕನ್ನಡ ಲೇಖನಗಳನ್ನು ಪುಟಕ್ಕೆ ಏರಿಸಿದಾಗ ಕೆಲವು ಕಡತಗಳಲ್ಲಿ ಕನ್ನಡದ ಬದಲು ವಿಚಿತ್ರ ಅಕ್ಷರಗಳು ಬರುತ್ತವೆ. ಫಾಂಟು ಬದಲಿಸಿದರೆ ಸರಿಹೋಗುವುದೇ?
— ಗ್ರಂಥಪಾಲಕರು, ಚಾಮರಾಜಪೇಟೆ

ಉತ್ತರ: ಹೀಗಾಗಲು ಕಾರಣಗಳು ಎರಡು, ಮೊದಲು ತಮ್ಮದು ಯಾವುದೆಂದು ಗುರುತಿಸಬೇಕು. ಯುಟಿಎಫ್-8 ಕಡತದಲ್ಲಿ ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಬ್ರೌಸರು ಇದನ್ನು ಪಾಶ್ಚಾತ್ಯ ಸಂಕೇತ ಪದ್ಧತಿಯೆಂದು ತಪ್ಪಾಗಿ ತಿಳಿದರೆ ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ 'ಎ' ಅಕ್ಷರ, ಅದರ ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3 ಸಾಲುಸಾಲಾಗಿ ಕಾಣುತ್ತವೆ. ಇದಾಗಿದ್ದರೆ ಪುಟದ ತಲೆಭಾಗದಲ್ಲಿ, ಮೊದಲ 1024 ಬೈಟ್‌ಗಳೊಳಗೆ, 'ಮೆಟಾ' ಟ್ಯಾಗ್‌ನಿಂದ ಯುಟಿಎಫ್-8 ಎಂದು ಘೋಷಿಸಿದರೆ ಸರಿಹೋಗುತ್ತದೆ. ಫಾಂಟಿಗೂ ಇದಕ್ಕೂ ಸಂಬಂಧವಿಲ್ಲ.

ಅಂತಹ ಪುನರಾವರ್ತನೆ ಕಾಣದೆ ನಾನಾ ಬಗೆಯ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳು ಬೆರೆತು ಬಂದಿದ್ದರೆ, ಅವು ಯೂನಿಕೋಡ್‌ಗೆ ಮೊದಲಿನ ಪದ್ಧತಿಯಲ್ಲಿ, 'ನುಡಿ' ಅಥವಾ 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳಿರಬೇಕು. ಅವುಗಳಲ್ಲಿ ಸಂಗ್ರಹವಾಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಫಾಂಟು ಬಿಡಿಸುತ್ತಿತ್ತು. ಹಳೆಯ ಫಾಂಟನ್ನೇ ಪುಟಕ್ಕೆ ಜೋಡಿಸಿದರೆ ಕಣ್ಣಿಗೆ ಕನ್ನಡ ಕಾಣಬಹುದು, ಆದರೆ ಹುಡುಕಾಟಕ್ಕಾಗಲಿ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕಾಗಲಿ ಅದು ಕನ್ನಡವಲ್ಲ. ಗ್ರಂಥಾಲಯದ ಸಂಗ್ರಹಕ್ಕೆ ಆ ದಾರಿ ಬೇಡವೆಂದು ಬಿನ್ನವಿಸುತ್ತೇನೆ. ಇವನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಬೇಕು. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಸಾಧನಕ್ಕೆ ಅವು ಕನ್ನಡದ ಸಂಕೇತಗಳಂತೆಯೇ ಕಾಣುವುದರಿಂದ ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುತ್ತವೆ. ಅವನ್ನು ಗುರುತಿಸಿ ಕೈಯಿಂದಲೇ ತಿದ್ದಬೇಕಾಗುತ್ತದೆ. ಆ ಕೆಲಸ ಮುಗಿಯುವವರೆಗೆ ಮೂಲ ಕಡತಗಳನ್ನು ಅಳಿಸಬೇಡಿ.